ಆಪರೇಷನ್ ತಪ್ಪಿತು, ಆಮೇಲೆ?

ಹೊಟ್ಟೆಯೊಳಗೆ ಏನೋ ಎಡವಟ್ಟಾಗಿದೆ ಎಂದು ಗೊತ್ತಾದ ಮೇಲೆ, ಡಾಕ್ಟರು ಸ್ಕ್ಯಾನಿಂಗ್ ರಿಪೋರ್ಟನ್ನು ಪೂರ್ತಿ ಓದುವುದಕ್ಕೂ ಬಿಡದೆ ನಾವು ಕೇಳುವ ಮಾತು ಒಂದೇ: "ಆಪರೇಷನ್ ಇಲ್ಲದೆ ಆಗಲ್ವಾ ಡಾಕ್ಟ್ರೇ?" ಚಿಕ್ಕಪ್ಪನ ಪಕ್ಕದಲ್ಲಿ ಕೂತು ನಾನೂ ಇದನ್ನೇ ಕೇಳಿದ್ದೆ. ಈ ಹೆದರಿಕೆ ಸುಮ್ಮನೆ ಹುಟ್ಟಿದ್ದಲ್ಲ. ಉಸಿರಾಡಲು, ಕೆಮ್ಮಲು, ಮಂಚದಿಂದ ಏಳಲು ಹೊಟ್ಟೆಯ ಗೋಡೆ ಬೇಕು. ಅದನ್ನು ಉದ್ದಕ್ಕೆ ಸೀಳಿದರೆ ನೋವು ವಾರಗಟ್ಟಲೆ ಇರುತ್ತದೆ. ಹೊಲಿದ ಜಾಗ ಸಡಿಲಗೊಂಡು ಅಲ್ಲೇ ಹರ್ನಿಯಾ ಆಗಬಹುದು. ಒಳಗೆ ಕರುಳುಗಳು ಒಂದಕ್ಕೊಂದು ಅಂಟಿಕೊಂಡು, ಎಷ್ಟೋ ವರ್ಷಗಳ ನಂತರ ದಾರಿ ಕಟ್ಟಿಕೊಳ್ಳಬಹುದು.

ತೊಂದರೆ ಶುರುವಾಗುವುದು "ಆಗುತ್ತೆ" ಎಂಬ ಉತ್ತರ ಬಂದಾಗ. ಅದನ್ನು ಕೇಳಿದ್ದೇ ತಡ, ಮುಂದಿನ ಮಾತು ನಮ್ಮ ಕಿವಿಗೆ ಬೀಳುವುದಿಲ್ಲ. ಮನೆಯವರ, ಗೆಳೆಯರ ಆಸ್ಪತ್ರೆ ಓಡಾಟದಲ್ಲಿ ಜೊತೆಗಿದ್ದು, ಆ ನೆಪದಲ್ಲಿ ಸಿಕ್ಕಿದ್ದನ್ನೆಲ್ಲ ಓದಿ ನನಗೆ ಅನ್ನಿಸಿದ್ದು ಇಷ್ಟು: ಆಪರೇಷನ್ನಿಗೆ ನಾವು ಇಡಿಗಂಟು ತೆರುತ್ತೇವೆ, ಅದರ ಬದಲಿಗೆ ಬಂದ ಚಿಕಿತ್ಸೆಗಳಿಗೆ ಬಹುಪಾಲು ಕಂತಿನಲ್ಲಿ. ಕಂತು ಕಟ್ಟುವುದರಲ್ಲಿ ತಪ್ಪಿಲ್ಲ. ಎಷ್ಟು ಕಂತು, ಎಲ್ಲಿಯವರೆಗೆ ಎಂದು ಕೇಳದೆ ಸಹಿ ಹಾಕಿದರೆ ಕಷ್ಟ.

ಮೊದಲೇ ಒಂದು ಗೊಂದಲ ಬಿಡಿಸಿಬಿಡುತ್ತೇನೆ. "ಆಪರೇಷನ್ ಏನಿಲ್ಲ, ಬರೀ ಲ್ಯಾಪರೋಸ್ಕೋಪಿ" ಎನ್ನುವವರನ್ನು ಬೇಕಾದಷ್ಟು ಕಂಡಿದ್ದೇನೆ. ಹೊಟ್ಟೆಯಲ್ಲಿ ಸಣ್ಣ ತೂತು ಮಾಡಿ, ಕ್ಯಾಮೆರಾ ತೂರಿಸಿ ಮಾಡುವ ಲ್ಯಾಪರೋಸ್ಕೋಪಿಯೂ ಆಪರೇಷನ್ನೇ. ಪೂರ್ತಿ ಅರಿವಳಿಕೆ ಇರುತ್ತದೆ, ಹೊಟ್ಟೆಗೆ ಇಂಗಾಲದ ಡೈಆಕ್ಸೈಡ್ ತುಂಬಿಸುತ್ತಾರೆ, ಒಳಗೆ ಕತ್ತರಿಸುವುದು ಅದೇ ಅಂಗವನ್ನು. ಹೊರಗಿನ ಗಾಯ ಚಿಕ್ಕದು, ಮನೆಗೆ ಬೇಗ ಹೋಗುತ್ತೀರಿ, ಅಷ್ಟೇ ವ್ಯತ್ಯಾಸ. ಅದು ದೊಡ್ಡ ಲಾಭವೇ, ಆದರೆ ಬೇರೆ ಜಾತಿಯ ಲಾಭ. ನಾನಿಲ್ಲಿ ಹೇಳಹೊರಟಿರುವುದು ಬಾಯಿಂದಲೋ ಗುದದ್ವಾರದಿಂದಲೋ ಕೊಳವೆ ಇಳಿಸಿ ಮಾಡುವ, ಚರ್ಮದ ಮೇಲಿಂದ ಸೂಜಿ ತೂರಿಸಿ ಮಾಡುವ, ಇಲ್ಲವೇ ಬರೀ ಔಷಧದಿಂದ ಮುಗಿಸುವ ಚಿಕಿತ್ಸೆಗಳ ಬಗ್ಗೆ.

ಇವುಗಳಲ್ಲೆಲ್ಲ ಪೂರ್ಣ ಗೆಲುವು ಎನ್ನಬಹುದಾದದ್ದು ಅಲ್ಸರ್‌ನದು. ಅದರ ಚರಿತ್ರೆ ಓದಿದಷ್ಟೂ ನನಗೆ ಬೆರಗು. 1881ರಲ್ಲಿ ವಿಯೆನ್ನಾದ ಥಿಯೋಡರ್ ಬಿಲ್ರೋತ್ ಕ್ಯಾನ್ಸರ್ ಆಗಿದ್ದ ಹೆಂಗಸೊಬ್ಬಳ ಜಠರದ ಕೆಳಭಾಗ ಕತ್ತರಿಸಿ ತೆಗೆದು, ಉಳಿದದ್ದನ್ನು ಸಣ್ಣ ಕರುಳಿಗೆ ಜೋಡಿಸಿದರು. ಆಕೆ ಆಪರೇಷನ್ನಿನಿಂದ ಚೇತರಿಸಿಕೊಂಡಳು, ಕೆಲವು ತಿಂಗಳ ನಂತರ ಕ್ಯಾನ್ಸರ್ ಮರಳಿ ಬಂದು ತೀರಿಕೊಂಡಳು. ಆ ವಿಧಾನವೇ ಮುಂದೆ ಅಲ್ಸರ್‌ಗೂ ಬಂತು. ಆಮ್ಲ ಸುರಿಸುವ ಭಾಗವನ್ನೇ ತೆಗೆದುಬಿಟ್ಟರೆ ಹುಣ್ಣು ಎಲ್ಲಿಂದ ಬರಬೇಕು ಎಂಬ ಲೆಕ್ಕ. 1943ರಲ್ಲಿ ಷಿಕಾಗೋದ ಲೆಸ್ಟರ್ ಡ್ರಾಗ್‌ಸ್ಟೆಡ್ ಅಂಗವನ್ನು ಬಿಟ್ಟು, ಅದಕ್ಕೆ ಆಮ್ಲ ಸುರಿಸಲು ಹೇಳುವ ವೇಗಸ್ ನರವನ್ನು ಕತ್ತರಿಸಿದರು. ಮೂವತ್ತು ವರ್ಷಕ್ಕೂ ಮಿಕ್ಕಿ ಈ ಎರಡು ಆಪರೇಷನ್‌ಗಳು ಸರ್ಜನ್‌ಗಳ ದಿನನಿತ್ಯದ ಕೆಲಸವಾಗಿದ್ದವು. ಮಾಡಿಸಿಕೊಂಡವರಲ್ಲಿ ಕೆಲವರಿಗೆ ಉಂಡ ಕೂಡಲೇ ಬೆವರು, ತಲೆಸುತ್ತು, ಭೇದಿ. ವರ್ಷಗಳು ಕಳೆದಂತೆ ರಕ್ತಹೀನತೆ.

1976ರಲ್ಲಿ ಸಿಮೆಟಿಡಿನ್ ಮಾತ್ರೆ ಬಂತು. ಅದರ ಹಿಂದಿದ್ದ ಜೇಮ್ಸ್ ಬ್ಲ್ಯಾಕ್‌ರಿಗೆ 1988ರಲ್ಲಿ ನೊಬೆಲ್ ಸಿಕ್ಕಿತು. ಮಾತ್ರೆ ನುಂಗಿದರೆ ಹುಣ್ಣು ಮಾಯುತ್ತಿತ್ತು, ಚಾಕು ಬೇಕಿರಲಿಲ್ಲ. ನಿಲ್ಲಿಸಿದರೆ? ಹೆಚ್ಚಿನವರಿಗೆ ಮತ್ತೆ ಹುಣ್ಣು. ಅಪ್ಪಟ ಕಂತಿನ ವ್ಯವಹಾರ, ಕೊನೆಯಿಲ್ಲದ್ದು. ಆ ಸಾಲವನ್ನೇ ಹರಿದುಹಾಕಿದವರು ಆಸ್ಟ್ರೇಲಿಯಾದ ಪರ್ತ್‌ನ ರಾಬಿನ್ ವಾರೆನ್ ಮತ್ತು ಬ್ಯಾರಿ ಮಾರ್ಷಲ್. ಉರಿಯೂತವಿದ್ದ ಜಠರಗಳಲ್ಲಿ ಸುರುಳಿಯಾಕಾರದ ಬ್ಯಾಕ್ಟೀರಿಯಾ ಇರುವುದನ್ನು ವಾರೆನ್ ಸೂಕ್ಷ್ಮದರ್ಶಕದಲ್ಲಿ ಕಂಡಿದ್ದರು. ಆಮ್ಲದಲ್ಲಿ ಯಾವ ಜೀವಿಯೂ ಬದುಕದು ಎಂದು ಲೋಕ ನಂಬಿದ್ದ ಕಾಲ. 1984ರಲ್ಲಿ ಮಾರ್ಷಲ್ ಆ ಬ್ಯಾಕ್ಟೀರಿಯಾ ಬೆಳೆಸಿದ ದ್ರವವನ್ನು ತಾವೇ ಕುಡಿದು, ಕೆಲವೇ ದಿನಗಳಲ್ಲಿ ವಾಂತಿ, ಜಠರದ ಉರಿಯೂತ ಬರಿಸಿಕೊಂಡರು. ಆ ಹುಚ್ಚು ಸಾಹಸವನ್ನು ಯಾವ ನೀತಿ ಸಮಿತಿಯೂ ಒಪ್ಪುತ್ತಿರಲಿಲ್ಲ, ಅವರು ಕೇಳಲೂ ಇಲ್ಲ. 2005ರಲ್ಲಿ ಇಬ್ಬರಿಗೂ ನೊಬೆಲ್ ಬಂತು. ಈಗ ಹುಣ್ಣಿಗೆ ಕಾರಣವಾದ ಆ ಬ್ಯಾಕ್ಟೀರಿಯಾ, ಹೆಲಿಕೋಬ್ಯಾಕ್ಟರ್ ಪೈಲೋರಿ, ಇದೆಯೆಂದು ಗೊತ್ತಾದರೆ ಸುಮಾರು ಎರಡು ವಾರ ಆ್ಯಂಟಿಬಯಾಟಿಕ್, ಜೊತೆಗೆ ಆಮ್ಲ ತಗ್ಗಿಸುವ ಮಾತ್ರೆ, ಆಮೇಲೆ ಬ್ಯಾಕ್ಟೀರಿಯಾ ಹೋಗಿದೆಯೇ ಎಂದು ಒಂದು ಪರೀಕ್ಷೆ. ಹುಣ್ಣಿನಿಂದ ರಕ್ತ ಸುರಿಯುತ್ತಿದ್ದರೂ ಬಾಯಿಂದ ಎಂಡೋಸ್ಕೋಪ್ ಎಂಬ, ಒಳಗನ್ನು ನೋಡುವ ಕೊಳವೆ ಇಳಿಸಿ, ಕ್ಲಿಪ್ ಹಾಕಿಯೋ ಶಾಖ ಕೊಟ್ಟೋ ಸಾಮಾನ್ಯವಾಗಿ ನಿಲ್ಲಿಸುತ್ತಾರೆ. ಹುಣ್ಣು ತೂತಾಗಿ ಜಠರದೊಳಗಿನದು ಹೊಟ್ಟೆಯೊಳಗೆ ಚೆಲ್ಲಿದಾಗ ಮಾತ್ರ ಇವತ್ತಿಗೂ ಸರ್ಜನ್‌ರನ್ನೇ ಕರೆಯಬೇಕು.

ಇಲ್ಲಿ ಚಾಕು ಹಿಂದೆ ಸರಿದದ್ದು ಉಪಕರಣ ಸಣ್ಣದಾಯಿತು ಎಂದಲ್ಲ, ಕಾಯಿಲೆಯ ಮೂಲ ಸಿಕ್ಕಿತು ಎಂದು. ಹೊಟ್ಟೆಯ ಉಳಿದ ಕಾಯಿಲೆಗಳಲ್ಲಿ ಅಂಥ ಅದೃಷ್ಟ ಅಪರೂಪ.

ಕೊಳವೆಯ ಕಥೆ ಬೇರೆ. 1868ರಲ್ಲಿ ಜರ್ಮನಿಯ ಅಡಾಲ್ಫ್ ಕುಸ್‌ಮಾಲ್ ಬಗ್ಗದ ಲೋಹದ ಕೊಳವೆಯನ್ನು ಜಠರಕ್ಕೆ ಇಳಿಸಿ ತೋರಿಸಿದಾಗ, ಅದನ್ನು ನುಂಗಿದವನು ಕತ್ತಿ ನುಂಗುವ ಆಟದವನು. ಬೇರೆ ಯಾರು ನುಂಗಿಯಾರು? ಬಳಕುವ ಗಾಜಿನ ನಾರುಗಳ ಎಂಡೋಸ್ಕೋಪ್ ಬರಲು 1957 ಆಗಬೇಕಾಯಿತು. ಬೇಸಿಲ್ ಹಿರ್ಷೋವಿಟ್ಸ್ ಅದನ್ನು ಮೊದಲು ತಮ್ಮ ಗಂಟಲಿಗೇ ಇಳಿಸಿಕೊಂಡರು. ಅಲ್ಲಿಯವರೆಗೆ ಬರೀ ಇಣುಕಿ ನೋಡುವುದಾಗಿತ್ತು. 1969ರಲ್ಲಿ ನ್ಯೂಯಾರ್ಕಿನಲ್ಲಿ ಹಿರೋಮಿ ಶಿನ್ಯಾ ಮತ್ತು ವಿಲಿಯಂ ವುಲ್ಫ್, ಗುದದ್ವಾರದಿಂದ ಒಳಹೋಗುವ ಕೊಲೊನೋಸ್ಕೋಪ್‌ನೊಳಗಿಂದ ತಂತಿಯ ಕುಣಿಕೆ ಚಾಚಿ, ದೊಡ್ಡ ಕರುಳಿನ ಒಳಗೋಡೆಯಲ್ಲಿ ಬೆಳೆದ ಗಂಟನ್ನು, ಅಂದರೆ ಪಾಲಿಪ್ ಒಂದನ್ನು, ಬುಡದಲ್ಲಿ ಬಿಗಿದು, ವಿದ್ಯುತ್ ಹರಿಸಿ ಕತ್ತರಿಸಿದರು. ಅದಕ್ಕೆ ಮುಂಚೆ ದೊಡ್ಡ ಕರುಳಿನ ಮೇಲ್ಭಾಗದಲ್ಲಿರುವ ಪಾಲಿಪ್ ತೆಗೆಯಬೇಕೆಂದರೆ ಹೊಟ್ಟೆ ತೆರೆಯಲೇಬೇಕಿತ್ತು.

ಪಾಲಿಪ್ ತೆಗೆಯುವುದರ ಹೆಚ್ಚುಗಾರಿಕೆ ಆಪರೇಷನ್ ತಪ್ಪಿಸಿದ್ದಷ್ಟೇ ಅಲ್ಲ. ಕೆಲವು ಬಗೆಯ ಪಾಲಿಪ್‌ಗಳು ವರ್ಷಗಳ ಅವಧಿಯಲ್ಲಿ ಕ್ಯಾನ್ಸರ್ ಆಗುತ್ತವೆ. ಅವನ್ನು ಮೊದಲೇ ತೆಗೆದರೆ ಕ್ಯಾನ್ಸರ್ ಬರುವುದೇ ಬಹಳ ಕಡಿಮೆಯಾಗುತ್ತದೆ ಎಂಬುದನ್ನು 1993ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನ ತೋರಿಸಿತು. ಆದರೆ ಪಾಲಿಪ್ ಬೆಳೆಸಿದ ಕರುಳು ಮತ್ತೊಂದನ್ನು ಬೆಳೆಸಬಹುದು. ಸಿಕ್ಕ ಪಾಲಿಪ್‌ನ ಗಾತ್ರ, ಸಂಖ್ಯೆ, ಬಗೆ ನೋಡಿ ಮೂರು ವರ್ಷಕ್ಕೋ, ಹತ್ತು ವರ್ಷಕ್ಕೋ ಮತ್ತೆ ಬರಲು ಹೇಳುತ್ತಾರೆ. ಕಂತು ಇಲ್ಲೂ ಇದೆ. ನನ್ನ ಲೆಕ್ಕದಲ್ಲಿ ಇದು ಕಟ್ಟಿದಷ್ಟೂ ಲಾಭವಿರುವ ಕಂತು. ಹಿಂದಿನ ರಾತ್ರಿ ಕುಡಿಸುವ ಆ ಭೇದಿ ಔಷಧ ಮಾತ್ರ ಯಾರಿಗೂ ಬೇಡ.

ಚಿಕ್ಕಪ್ಪನ ವಿಷಯಕ್ಕೆ ಬರುತ್ತೇನೆ. ಅವರಿಗೆ ಕಾಮಾಲೆ, ಚಳಿಜ್ವರ, ಬಲಗಡೆ ಪಕ್ಕೆಯ ಕೆಳಗೆ ನೋವು. ಪಿತ್ತಕೋಶದಲ್ಲಿದ್ದ ಕಲ್ಲೊಂದು ಜಾರಿ ಪಿತ್ತನಾಳದಲ್ಲಿ ಸಿಕ್ಕಿಹಾಕಿಕೊಂಡಿತ್ತು. ಹಿಂದಿನ ಕಾಲವಾಗಿದ್ದರೆ ಹೊಟ್ಟೆ ತೆರೆದು, ನಾಳ ಸೀಳಿ, ಕಲ್ಲು ತೆಗೆದು, ರಬ್ಬರ್ ಕೊಳವೆ ಹೊರಗೆ ಇಳಿಬಿಡುತ್ತಿದ್ದರು. ಅವರಿಗೆ ಮಾಡಿದ್ದು ಇಆರ್‌ಸಿಪಿ. ಬಾಯಿಂದ ಇಳಿದ ಕೊಳವೆ ಜಠರ ದಾಟಿ, ಸಣ್ಣ ಕರುಳಿನ ಶುರುವಿನಲ್ಲಿ ಪಿತ್ತನಾಳ ಬಂದು ತೆರೆದುಕೊಳ್ಳುವ ಜಾಗಕ್ಕೆ ಹೋಗುತ್ತದೆ. ಅಲ್ಲಿನ ಬಿಗಿಸ್ನಾಯುವನ್ನು ಬಿಸಿ ತಂತಿಯಿಂದ ಸ್ವಲ್ಪ ಸೀಳಿ, ಬಲೂನಿನಿಂದಲೋ ಪುಟ್ಟ ಬುಟ್ಟಿಯಿಂದಲೋ ಕಲ್ಲನ್ನು ಎಳೆದು ಕರುಳಿಗೆ ಬೀಳಿಸುತ್ತಾರೆ. ಹೀಗೆ ಸೀಳಬಹುದೆಂದು 1974ರಲ್ಲಿ ಜರ್ಮನಿಯ ಕ್ಲಾಸೆನ್ ಮತ್ತು ಡೆಮ್ಲಿಂಗ್, ಜಪಾನಿನ ಕವಾಯ್ ಹೆಚ್ಚುಕಡಿಮೆ ಒಂದೇ ಹೊತ್ತಿಗೆ ತೋರಿಸಿಕೊಟ್ಟರು. ಚಿಕ್ಕಪ್ಪನ ಕಲ್ಲು ಬಂತು. ನಾಳ ಊದಿಕೊಂಡಿದ್ದರಿಂದ ಅದು ಮುಚ್ಚದಂತೆ ಪ್ಲಾಸ್ಟಿಕ್ ಸ್ಟೆಂಟ್ ಎಂಬ ಪುಟ್ಟ ಕೊಳವೆಯೊಂದನ್ನು ಇಟ್ಟು ಕಳಿಸಿದರು. ಹೊಟ್ಟೆಯ ಮೇಲೆ ಒಂದು ಗೀರೂ ಇರಲಿಲ್ಲ.

ಮನೆಗೆ ಬಂದು ಅವರು ಹೇಳಿದ್ದು, "ಮುಗೀತಪ್ಪ, ದೊಡ್ಡ ಗಂಡಾಂತರ ಕಳೀತು." ಚಿಕ್ಕಮ್ಮ ಮಾತ್ರ ಡಿಸ್ಚಾರ್ಜ್ ಪತ್ರವನ್ನು ಸಾಲು ಸಾಲಾಗಿ ಓದುವವರು. ಕೊನೆಯ ಸಾಲಿನಲ್ಲಿ, ಇಂತಿಷ್ಟು ವಾರಕ್ಕೆ ಬಂದು ಸ್ಟೆಂಟ್ ತೆಗೆಸಿಕೊಳ್ಳಬೇಕು ಎಂದಿತ್ತು. ಬಾಯಿಮಾತಿನಲ್ಲಿ ಯಾರೂ ಅದನ್ನು ಒತ್ತಿ ಹೇಳಿರಲಿಲ್ಲ. "ನೋಡಪ್ಪಾ, ಇವರ ಹೊಟ್ಟೇಲಿ ಇನ್ನೂ ಏನೋ ಇದೆಯಂತೆ" ಎಂದು ಚಿಕ್ಕಮ್ಮ ಕ್ಯಾಲೆಂಡರಿನಲ್ಲಿ ಆ ದಿನಕ್ಕೆ ಸುತ್ತು ಹಾಕಿಟ್ಟರು. ಪ್ಲಾಸ್ಟಿಕ್ ಸ್ಟೆಂಟ್ ಸುಮಾರು ಮೂರು ತಿಂಗಳಿಗೆ ಕಟ್ಟಿಕೊಳ್ಳಲು ಶುರುವಾಗುತ್ತದೆ. ಮರೆತು ಬಿಟ್ಟರೆ ಅದರ ಸುತ್ತ ಕಲ್ಲು ಬೆಳೆಯುತ್ತದೆ, ಕೀವಾಗುತ್ತದೆ, ತಪ್ಪಿಸಿಕೊಂಡ ಆಪರೇಷನ್ನಿಗಿಂತ ದೊಡ್ಡದೇ ಎದುರಾಗಬಹುದು. ಮರೆತ ಸ್ಟೆಂಟ್ ಎಷ್ಟು ಮಾಮೂಲಿ ಸಮಸ್ಯೆ ಎಂದರೆ, ಜಾಗರೂಕ ಆಸ್ಪತ್ರೆಗಳು ಹಾಕಿದ ಸ್ಟೆಂಟ್‌ಗಳಿಗೆಂದೇ ಒಂದು ಪಟ್ಟಿ ಇಟ್ಟುಕೊಂಡು ಫೋನ್ ಮಾಡುತ್ತವೆ.

ಇನ್ನೊಂದು ಮಾತೂ ಉಳಿದಿತ್ತು. ಕಲ್ಲು ಹುಟ್ಟಿದ್ದು ಪಿತ್ತಕೋಶದಲ್ಲಿ, ಅದು ಉಳಿದ ಕಲ್ಲುಗಳ ಸಮೇತ ಅಲ್ಲೇ ಇದೆ. ಡಾಕ್ಟರು ಅದನ್ನು ತೆಗೆಸಿಬಿಡಿ ಎಂದರು. "ಒಂದು ಸಲ ತಪ್ಪಿದ್ದನ್ನ ಮತ್ತೆ ಯಾಕೆ ಮೈಮೇಲೆ ಎಳ್ಕೋಬೇಕು" ಎಂಬುದು ಚಿಕ್ಕಪ್ಪನ ವಾದ. ಕೇಳಲು ಚೆನ್ನಾಗಿದೆ. ಆದರೆ 2002ರಲ್ಲಿ ಪ್ರಕಟವಾದ ನೆದರ್‌ಲ್ಯಾಂಡ್ಸ್‌ನ ಅಧ್ಯಯನದಲ್ಲಿ ಇದೇ ಪರಿಸ್ಥಿತಿಯವರನ್ನು ಎರಡು ಗುಂಪು ಮಾಡಿದ್ದರು. ನಾಳದ ಕಲ್ಲು ತೆಗೆದ ಮೇಲೆ ಕೆಲವರ ಪಿತ್ತಕೋಶ ತೆಗೆದರು, ಉಳಿದವರದನ್ನು ಕಾದು ನೋಡಿದರು. ಎರಡು ವರ್ಷದೊಳಗೆ, ಕಾದು ನೋಡಿದವರಲ್ಲಿ ಶೇ 47 ಮಂದಿಗೆ ತೊಂದರೆ ಮರುಕಳಿಸಿತು. ತೆಗೆಸಿಕೊಂಡವರಲ್ಲಿ ಅದು ಶೇ 2. ಚಿಕ್ಕಪ್ಪ ಕೊನೆಗೆ ಒಪ್ಪಿದರು, ಅಂಕಿಅಂಶಕ್ಕಲ್ಲ, ಚಿಕ್ಕಮ್ಮನಿಗೆ.

ಪಿತ್ತಕೋಶದ ವಿಷಯದಲ್ಲಿ ಆಪರೇಷನ್ ತಪ್ಪಿಸುವ ಪ್ರಯತ್ನಗಳು ಕಡಿಮೆ ಆಗಿಲ್ಲ. ಕಲ್ಲು ಕರಗಿಸುವ ಮಾತ್ರೆ ಬಂತು. 1980ರ ದಶಕದಲ್ಲಿ ಹೊರಗಿನಿಂದ ಆಘಾತ ತರಂಗ ಹಾಯಿಸಿ ಪುಡಿ ಮಾಡುವ ಯಂತ್ರ ಬಂತು. ಕಲ್ಲು ಹೋಗುತ್ತಿತ್ತು, ಕೆಲವು ವರ್ಷಗಳಲ್ಲಿ ಬಹಳ ಜನರಿಗೆ ಮತ್ತೆ ಬರುತ್ತಿತ್ತು. 1882ರಲ್ಲಿ ಬರ್ಲಿನ್‌ನಲ್ಲಿ ಮೊದಲ ಸಲ ಪಿತ್ತಕೋಶ ತೆಗೆದ ಕಾರ್ಲ್ ಲಾಂಗೆನ್‌ಬುಖ್ ಹೇಳುತ್ತಿದ್ದುದೂ ಇದನ್ನೇ. ಅದರಲ್ಲಿ ಕಲ್ಲಿದೆ ಎಂದು ತೆಗೆಯುವುದಲ್ಲ, ಅದು ಕಲ್ಲು ಹುಟ್ಟಿಸುತ್ತದೆ ಎಂದು ತೆಗೆಯುವುದು. ಈ ಯಂತ್ರಗಳನ್ನೆಲ್ಲ ಮೂಲೆಗೆ ತಳ್ಳಿದ್ದು ಇನ್ನೊಂದು ಆಪರೇಷನ್ನೇ ಎಂಬುದು ತಮಾಷೆ. 1985ರಲ್ಲಿ ಜರ್ಮನಿಯ ಎರಿಕ್ ಮ್ಯೂಹೆ ಲ್ಯಾಪರೋಸ್ಕೋಪಿನಿಂದ ಪಿತ್ತಕೋಶ ತೆಗೆದರು. ಅವರ ದೇಶದ ಸರ್ಜನ್‌ಗಳ ಸಂಘ ಮೊದಲು ಅದನ್ನು ತಿರಸ್ಕಾರದಿಂದ ನೋಡಿತು. ಹತ್ತು ವರ್ಷ ಕಳೆಯುವುದರೊಳಗೆ ಜಗತ್ತೇ ಆ ದಾರಿ ಹಿಡಿಯಿತು. ಅಂದಹಾಗೆ, ಬೇರೆ ಯಾವುದಕ್ಕೋ ಸ್ಕ್ಯಾನ್ ಮಾಡಿಸಿದಾಗ ಕಂಡುಬಂದ, ಯಾವತ್ತೂ ನೋವು ಕೊಡದ ಕಲ್ಲಿಗೆ ಸಾಮಾನ್ಯವಾಗಿ ಏನೂ ಮಾಡಬೇಕಿಲ್ಲ. ಅದೂ ಒಂದು ಚಿಕಿತ್ಸೆಯೇ, ಎಲ್ಲಕ್ಕಿಂತ ಅಗ್ಗದ್ದು.

ಕೊಯ್ಯದ ಚಿಕಿತ್ಸೆಗೂ ಅಪಾಯವಿದೆ ಎಂಬುದನ್ನು ಇಲ್ಲೇ ಹೇಳಬೇಕು. ಇಆರ್‌ಸಿಪಿ ಮಾಡಿಸಿಕೊಂಡ ನೂರು ಜನರಲ್ಲಿ 3ರಿಂದ 10 ಮಂದಿಗೆ ಮೇದೋಜೀರಕ ಗ್ರಂಥಿಯ ಉರಿಯೂತ ಬರುತ್ತದೆ. ಹೆಚ್ಚಿನವು ಕೆಲವು ದಿನಗಳಲ್ಲಿ ಇಳಿಯುತ್ತವೆ, ಕೆಲವು ಪ್ರಾಣಕ್ಕೇ ಬರುತ್ತವೆ. ಗಾಯ ಕಾಣದಿದ್ದ ಮಾತ್ರಕ್ಕೆ ಒಳಗೆ ಏನೂ ನಡೆದಿಲ್ಲ ಎಂದಲ್ಲ.

ಮೇದೋಜೀರಕ ಗ್ರಂಥಿಯೇ ಎರಡೂ ಬದಿಯ ಪಾಠ ಹೇಳುತ್ತದೆ. ತೀವ್ರ ಉರಿಯೂತದಲ್ಲಿ ಗ್ರಂಥಿಯ ಒಂದಷ್ಟು ಭಾಗ ಸತ್ತು, ಅದಕ್ಕೆ ಸೋಂಕು ತಗಲಿದರೆ, ಹಿಂದೆ ಹೊಟ್ಟೆ ತೆರೆದು ಸತ್ತದ್ದನ್ನೆಲ್ಲ ಕೆರೆದು ತೆಗೆಯುತ್ತಿದ್ದರು. 2010ರಲ್ಲಿ ನೆದರ್‌ಲ್ಯಾಂಡ್ಸ್‌ನ ವೈದ್ಯರು 88 ರೋಗಿಗಳ ಫಲಿತಾಂಶ ಪ್ರಕಟಿಸಿದರು. ಅರ್ಧದಷ್ಟು ಜನರಿಗೆ ಹಳೆಯ ಆಪರೇಷನ್. ಉಳಿದವರಿಗೆ ಮೊದಲು ಸ್ಕ್ಯಾನ್ ನೋಡಿಕೊಂಡು ಚರ್ಮದ ಮೂಲಕವೋ ಎಂಡೋಸ್ಕೋಪ್ ಮೂಲಕವೋ ಬರೀ ಕೊಳವೆ ಇಟ್ಟು ಕೀವು ಬಸಿಯುವುದು, ಸಾಲದಿದ್ದರೆ ಮಾತ್ರ ಸಣ್ಣ ರಂಧ್ರದಿಂದ ಮುಂದಿನ ಹೆಜ್ಜೆ. ಸಾವು ಅಥವಾ ದೊಡ್ಡ ತೊಡಕು ಆಪರೇಷನ್ ಗುಂಪಿನಲ್ಲಿ ಶೇ 69, ಮೆಟ್ಟಿಲು ಮೆಟ್ಟಿಲಾಗಿ ಹೋದವರಲ್ಲಿ ಶೇ 40. ಕೊಳವೆಯೊಂದರಿಂದಲೇ ಗುಣವಾದವರು ಶೇ 35. ಅಷ್ಟು ಸುಸ್ತಾದ ದೇಹಕ್ಕೆ ಇಡಿಗಂಟು ತೆರುವ ತಾಕತ್ತೇ ಇರುವುದಿಲ್ಲ. ಅಲ್ಲಿ ಕಂತು ಕರುಣೆ.

ಅದೇ ಗ್ರಂಥಿ, ಅದೇ ದೇಶ, ಮೂರು ವರ್ಷ ಮುಂಚೆ. ವರ್ಷಗಟ್ಟಲೆ ಎಳೆಯುವ ದೀರ್ಘಕಾಲದ ಉರಿಯೂತದಲ್ಲಿ ನಾಳ ಕಟ್ಟಿಕೊಂಡು ನೋವು ತಿನ್ನುತ್ತಿದ್ದ 39 ಮಂದಿಗೆ ಎಂಡೋಸ್ಕೋಪಿ ಮೇಲೋ ಆಪರೇಷನ್ ಮೇಲೋ ಎಂದು ಹೋಲಿಸಿ ನೋಡಿದರು. ಎರಡು ವರ್ಷದ ಕೊನೆಗೆ ನೋವು ಪೂರ್ತಿಯೋ ಭಾಗಶಃವೋ ಇಳಿದದ್ದು ಆಪರೇಷನ್ ಆದವರಲ್ಲಿ ಶೇ 75, ಎಂಡೋಸ್ಕೋಪಿಯವರಲ್ಲಿ ಶೇ 32. ನನ್ನ ಕಣ್ಣಿಗೆ ಹೆಚ್ಚು ಬಿದ್ದದ್ದು ಇನ್ನೊಂದು ಸಂಖ್ಯೆ. ಎಂಡೋಸ್ಕೋಪಿ ಗುಂಪಿನವರನ್ನು ಸಾಲಾಗಿ ನಿಲ್ಲಿಸಿದರೆ ನಟ್ಟನಡುವೆ ಬರುವ ರೋಗಿ ಒಟ್ಟು 8 ಸಲ ಒಂದಲ್ಲ ಒಂದು ಚಿಕಿತ್ಸೆಗೆ ಒಳಗಾಗಿದ್ದ, ಆಪರೇಷನ್ ಗುಂಪಿನವನು 3 ಸಲ. ಎಂಟು ಸಲ ಉಪವಾಸ, ಎಂಟು ಸಲ ಕೈಗೆ ಸೂಜಿ, ಎಂಟು ಸಲ ರಜೆ. ಆಪರೇಷನ್ ಮಾಡಿಸಿಕೊಳ್ಳಲಿಲ್ಲ ಎಂಬ ಸಮಾಧಾನದ ಬೆಲೆ ಅದು, ನೋವು ಹೋಗಿದ್ದೂ ಇಲ್ಲ.

ಅಪೆಂಡಿಕ್ಸ್ ವಿಷಯದಲ್ಲಿ ಮಾತ್ರ ನಾನು ಯಾರಿಗೂ ಹೀಗೇ ಮಾಡಿ ಎನ್ನಲಾರೆ. ನೂರು ವರ್ಷಕ್ಕೂ ಹೆಚ್ಚು ಕಾಲ ಅದಕ್ಕೆ ಒಂದೇ ಉತ್ತರವಿತ್ತು, ತೆಗೆದುಹಾಕಿ. ತೂತಾಗದ, ಸರಳ ಅಪೆಂಡಿಸೈಟಿಸ್‌ಗೆ ಬರೀ ಆ್ಯಂಟಿಬಯಾಟಿಕ್ ಸಾಕೇ ಎಂದು ಅಮೆರಿಕದಲ್ಲಿ 1,500ಕ್ಕೂ ಹೆಚ್ಚು ವಯಸ್ಕರ ಮೇಲೆ ನಡೆದ, 2020ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, ಔಷಧ ತೆಗೆದುಕೊಂಡವರಲ್ಲಿ ಶೇ 29 ಮಂದಿಗೆ 90 ದಿನದೊಳಗೆ ಆಪರೇಷನ್ ಆಯಿತು. ಅಪೆಂಡಿಕ್ಸ್‌ನೊಳಗೆ ಮಲದ ಗಟ್ಟಿ ಹರಳು ಇದ್ದವರಲ್ಲಿ ಅದು ಶೇ 41, ಇಲ್ಲದವರಲ್ಲಿ ಶೇ 25. ಫಿನ್ಲೆಂಡಿನವರು ಐದು ವರ್ಷ ಕಾದು ನೋಡಿದಾಗ ಮರುಕಳಿಸಿದ್ದು ಸುಮಾರು ಶೇ 39 ಮಂದಿಗೆ. ಹತ್ತರಲ್ಲಿ ಆರು ಜನ ಪಾರಾದರಲ್ಲ ಎಂದು ನನ್ನ ಗೆಳೆಯ ಖುಷಿಪಟ್ಟ. ಹತ್ತರಲ್ಲಿ ನಾಲ್ಕು ಜನಕ್ಕೆ ಯಾವ ಹೊತ್ತಿನಲ್ಲಿ, ಯಾವ ಊರಿನಲ್ಲಿ ಬರುತ್ತದೋ ಎಂದು ಅವನ ಅಕ್ಕ ಹೆದರಿದಳು. ಇಬ್ಬರೂ ಸರಿ. ಹತ್ತಿರದಲ್ಲಿ ಆಸ್ಪತ್ರೆ ಇರುವವರ ಲೆಕ್ಕವೇ ಬೇರೆ, ತಿಂಗಳುಗಟ್ಟಲೆ ಹಡಗಿನಲ್ಲಿರುವವರ ಲೆಕ್ಕವೇ ಬೇರೆ. ಸ್ಕ್ಯಾನಿನಲ್ಲಿ ಹರಳು ಕಂಡಿದೆಯೇ ಎಂದು ಮಾತ್ರ ಇಬ್ಬರೂ ಕೇಳಲೇಬೇಕು.

ಉಳಿದವುಗಳಲ್ಲಿ ಕೆಲವಕ್ಕೆ ಕಂತೇ ಇಲ್ಲದಷ್ಟು ಅದೃಷ್ಟ. ಎಳೆಮಕ್ಕಳಲ್ಲಿ ಕರುಳಿನ ಒಂದು ಭಾಗ ಇನ್ನೊಂದರೊಳಗೆ ನುಗ್ಗಿ ಸಿಕ್ಕಿಕೊಳ್ಳುತ್ತದೆ. ಸಮಯಕ್ಕೆ ಬಂದರೆ ಗುದದ್ವಾರದಿಂದ ಗಾಳಿಯನ್ನೋ ದ್ರವವನ್ನೋ ಒತ್ತಡದಲ್ಲಿ ಹಾಯಿಸಿ, ಪರದೆಯಲ್ಲಿ ನೋಡುತ್ತಲೇ ಅದನ್ನು ಹಿಂದಕ್ಕೆ ತಳ್ಳುತ್ತಾರೆ. ಬಹುಪಾಲು ಮಕ್ಕಳಿಗೆ ಅಷ್ಟರಲ್ಲೇ ಮುಗಿಯುತ್ತದೆ, ಸುಮಾರು ಹತ್ತರಲ್ಲಿ ಒಂದಕ್ಕೆ ಮರುಕಳಿಸುತ್ತದೆ. ದೊಡ್ಡವರಲ್ಲಿ ದೊಡ್ಡ ಕರುಳು ತಿರುಚಿಕೊಂಡಾಗಲೂ ಎಂಡೋಸ್ಕೋಪಿನಿಂದ ತಿರುಚು ಬಿಡಿಸಬಹುದು, ಆದರೆ ಅದು ಮತ್ತೆ ಮತ್ತೆ ತಿರುಚಿಕೊಳ್ಳುವುದರಿಂದ ಹೆಚ್ಚಾಗಿ ಅದೇ ಸಲ ಆಸ್ಪತ್ರೆಯಲ್ಲಿರುವಾಗಲೇ ಆಪರೇಷನ್ ಮಾಡಿಬಿಡುತ್ತಾರೆ. ಲಿವರ್‌ನಲ್ಲಿ ಕಟ್ಟಿದ ಕೀವಿಗೆ ಔಷಧ ಮತ್ತು ಸೂಜಿ ಹೆಚ್ಚಿನ ಸಲ ಸಾಕು. ಪೈಲ್ಸ್‌ಗೆ ರಬ್ಬರ್ ಬ್ಯಾಂಡ್ ಹಾಕುವುದು ಕ್ಲಿನಿಕ್‌ನಲ್ಲೇ ಆಗುವ ಕೆಲಸ, ಕೆಲವರಿಗೆ ಎರಡು ಮೂರು ಸಲ ಬೇಕಾಗುತ್ತದೆ.

ಅನ್ನನಾಳದ ಕೆಳಗಿನ ಸ್ನಾಯು ಸಡಿಲಗೊಳ್ಳದೆ ನುಂಗಿದ್ದು ಅಲ್ಲೇ ನಿಲ್ಲುವ ಅಕಲೇಸಿಯಾ ಎಂಬ ಕಾಯಿಲೆಗೆ ಜಪಾನಿನ ಹರುಹಿರೋ ಇನೋವೆ 2008ರಲ್ಲಿ ಹೊಸ ದಾರಿ ತೋರಿದರು. ಎಂಡೋಸ್ಕೋಪನ್ನು ಅನ್ನನಾಳದ ಗೋಡೆಯ ಪದರಗಳ ನಡುವೆ ಸುರಂಗ ಕೊರೆದು ಇಳಿಸಿ, ಆ ಸ್ನಾಯುವನ್ನು ಒಳಗಿನಿಂದಲೇ ಕತ್ತರಿಸುವುದು. ನುಂಗುವ ಕಷ್ಟ ಲ್ಯಾಪರೋಸ್ಕೋಪಿ ಮಾಡಿದಷ್ಟೇ ಚೆನ್ನಾಗಿ ಹೋಗುತ್ತದೆ. ಆದರೆ ಎರಡನ್ನೂ ಹೋಲಿಸಿದ ಯುರೋಪಿನ ಅಧ್ಯಯನವೊಂದರಲ್ಲಿ, ಎರಡು ವರ್ಷದ ನಂತರ ಆಮ್ಲ ಮೇಲೆ ಬಂದು ಅನ್ನನಾಳದಲ್ಲಿ ಉರಿಯೂತ ಕಂಡವರು ಇದರಲ್ಲಿ ಶೇ 44, ಲ್ಯಾಪರೋಸ್ಕೋಪಿಯಲ್ಲಿ ಶೇ 29. ಲ್ಯಾಪರೋಸ್ಕೋಪಿಯಲ್ಲಿ ಸ್ನಾಯು ಕತ್ತರಿಸಿದ ಮೇಲೆ ಜಠರದ ಅಂಚನ್ನು ಸುತ್ತಿ ಆಮ್ಲಕ್ಕೆ ತಡೆ ಕಟ್ಟುತ್ತಾರೆ, ಸುರಂಗದೊಳಗಿಂದ ಅದು ಆಗದು. ಇಲ್ಲಿನ ಕಂತು ದಿನಕ್ಕೊಂದು ಮಾತ್ರೆ.

ಹೊಟ್ಟೆ ಹಲಗೆಯಂತೆ ಬಿಗಿದಾಗ, ಹರ್ನಿಯಾದಲ್ಲಿ ಸಿಕ್ಕಿದ ಕರುಳಿಗೆ ರಕ್ತ ನಿಂತಾಗ, ಕರುಳು ತೂತಾಗಿ ಒಳಗೆಲ್ಲ ಚೆಲ್ಲಿದಾಗ ಬದಲಿ ದಾರಿ ಹುಡುಕುತ್ತ ಕೂರಬಾರದು. ಅಲ್ಲಿ ಗಂಟೆಗಳೇ ಪ್ರಾಣ. ಉಳಿದ ಸಂದರ್ಭಗಳಲ್ಲಿ "ಆಪರೇಷನ್ ಇಲ್ಲದೆ ಆಗಲ್ವಾ" ಎಂಬುದರ ಬೆನ್ನಿಗೇ ನಾನು ಈಗ ಕೇಳುವುದು ಬೇರೆ. ಇದಾದ ಮೇಲೆ ಒಳಗೆ ಏನು ಉಳಿಯುತ್ತದೆ ಡಾಕ್ಟ್ರೇ? ಮುಂದಿನ ಸಲ ಯಾವಾಗ ಬರಬೇಕು, ಅದು ಯಾತಕ್ಕೆ? ಇದು ಫಲಿಸದಿದ್ದರೆ ಆಮೇಲೆ ಆಪರೇಷನ್ ಇನ್ನೂ ಕಷ್ಟವಾಗುತ್ತದಾ? ಇದನ್ನು ನೀವು ವಾರಕ್ಕೆ ಎಷ್ಟು ಜನಕ್ಕೆ ಮಾಡುತ್ತೀರಿ? ಕೊನೆಯದನ್ನು ಕೇಳಲು ಸಂಕೋಚವಾಗುತ್ತದೆ. ಒಳ್ಳೆಯ ವೈದ್ಯರು ಯಾರೂ ಅದಕ್ಕೆ ಮುಖ ಗಂಟು ಹಾಕಿದ್ದನ್ನು ನಾನು ಕಂಡಿಲ್ಲ.

ಈ ಲೆಕ್ಕಾಚಾರ ಅತ್ಯಂತ ಸ್ಪಷ್ಟವಾಗಿ ಕಾಣುವುದು ಗುದನಾಳದ ಕ್ಯಾನ್ಸರಿನಲ್ಲಿ. ಅದರ ಆಪರೇಷನ್ ಕೆಲವರ ಮಲದ್ವಾರವನ್ನೇ ಕಿತ್ತುಕೊಂಡು, ಹೊಟ್ಟೆಯ ಮೇಲೆ ಶಾಶ್ವತವಾಗಿ ಚೀಲ ಕಟ್ಟಿಕೊಳ್ಳುವಂತೆ ಮಾಡುತ್ತದೆ. ಕಿಮೊಥೆರಪಿ, ರೇಡಿಯೇಷನ್ ಮುಗಿದ ಮೇಲೆ ಕೆಲವರಲ್ಲಿ ಗಡ್ಡೆ ಪೂರ್ತಿ ಮಾಯವಾಗಿರುತ್ತದೆ. ಮಾಯವಾದ ಗಡ್ಡೆಗೆ ಆಪರೇಷನ್ ಏಕೆ ಎಂದು ಬ್ರೆಜಿಲ್‌ನ ಸರ್ಜನ್ ಆಂಜೆಲಿಟಾ ಹಬ್ರ್-ಗಾಮಾ ಕೇಳಿದರು. 2004ರಲ್ಲಿ ಅವರು ಪ್ರಕಟಿಸಿದ ಫಲಿತಾಂಶಕ್ಕೆ ಮೊದಮೊದಲು ಅನುಮಾನವೇ ಹೆಚ್ಚು ಸಿಕ್ಕಿತು. 2022ರಲ್ಲಿ, ಗಡ್ಡೆಗೆ ಒಂದು ನಿರ್ದಿಷ್ಟ ಆನುವಂಶಿಕ ದೋಷವಿದ್ದ 12 ರೋಗಿಗಳಿಗೆ ದೇಹದ ರೋಗನಿರೋಧಕ ಶಕ್ತಿಯನ್ನೇ ಗಡ್ಡೆಯ ಮೇಲೆ ಎತ್ತಿಕಟ್ಟುವ ಡೊಸ್ಟಾರ್ಲಿಮಾಬ್ ಎಂಬ ಇಮ್ಯೂನೊಥೆರಪಿ ಔಷಧ ಮಾತ್ರ ಕೊಟ್ಟಾಗ 12 ಮಂದಿಯಲ್ಲೂ ಗಡ್ಡೆ ಕಾಣದಂತಾಯಿತು. ಕಾದು ನೋಡುವುದು ಈಗ ಒಪ್ಪಿತವಾದ ದಾರಿ. ರೇಡಿಯೇಷನ್ ಮತ್ತು ಕಿಮೊಥೆರಪಿ ನಂತರ ಕಾದು ನೋಡಿದವರ ಅಂತರರಾಷ್ಟ್ರೀಯ ದಾಖಲೆಯಲ್ಲಿ ಎರಡು ವರ್ಷದೊಳಗೆ ಸುಮಾರು ನಾಲ್ವರಲ್ಲಿ ಒಬ್ಬರಿಗೆ ಅದೇ ಜಾಗದಲ್ಲಿ ಗಡ್ಡೆ ಮರಳಿದೆ. ಅದು ಬೇಗ ಸಿಕ್ಕರೆ ಹೆಚ್ಚಿನವರಿಗೆ ಆಗಲೂ ಆಪರೇಷನ್ ಮಾಡಬಹುದು. ಹಾಗಾಗಿ ಆ ಎರಡು ವರ್ಷ ಎರಡು ಮೂರು ತಿಂಗಳಿಗೊಮ್ಮೆ ಬೆರಳಿನ ಪರೀಕ್ಷೆ, ಎಂಡೋಸ್ಕೋಪಿ, ನಡುನಡುವೆ ಎಂಆರ್‌ಐ. ಅಷ್ಟು ಸಲ ತಪ್ಪದೆ ಬರಲಾಗದವರಿಗೆ ವೈದ್ಯರು ಈ ದಾರಿಯನ್ನು ಸೂಚಿಸಲು ಹಿಂಜರಿಯುತ್ತಾರೆ.